ಹೊಸ ಮನೆಗೆ ಯೋಜನೆ ಉಂಟು, ಹಳೇ ಮಾಡಿಗೆ? ಪತ್ತನಾಜೆಗೆ ಮೊದಲು ಊರ ಸಂಘಗಳ ಎದುರಿನ ಲೆಕ್ಕ

ಬೇಸಗೆ ಶುರುವಾಯಿತೆಂದರೆ ಊರಿನ ಸಂಘಗಳ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಬಗೆಯ ಫೋಟೊಗಳು ಬರತೊಡಗುತ್ತವೆ. ಒರಲೆ ತಿಂದ ಪಕ್ಕಾಸು, ಜಾರಿದ ಹಂಚು, ಮೇಲೆ ಹೊದೆಸಿದ ನೀಲಿ ಟರ್ಪಾಲು, ಜಗಲಿಯಲ್ಲಿ ಕೂತ ಒಬ್ಬರು ಅಜ್ಜಿ. ಕೆಳಗೆ ಒಂದು ಸಾಲು: ‘ಮಳೆಗಾಲದೊಳಗೆ ಎಂತಾದ್ರೂ ಮಾಡ್ಬೇಕು.’

ಈ ‘ಎಂತಾದ್ರೂ’ ಮಾಡುವವರು ಯಾರು? ಪುತ್ತೂರು, ಸುಳ್ಯ, ಕಡಬ, ಬೆಳ್ತಂಗಡಿ ಕಡೆಯ ಹೆಚ್ಚಿನ ಗ್ರಾಮಗಳಲ್ಲಿ ಉತ್ತರ ಒಂದೇ. ಯುವಕ ಮಂಡಲದವರು, ಭಜನಾ ಮಂಡಳಿಯವರು, ಆಟೋ ಚಾಲಕರ ಸಂಘದವರು, ಜಮಾಅತ್‌ನ ಹುಡುಗರು, ಚರ್ಚ್‌ನ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು. ಒಟ್ಟಿನಲ್ಲಿ ಸಂಬಳ ಇಲ್ಲದೆ ಓಡಾಡುವ ನಾಲ್ಕಾರು ಮಂದಿ. ಭಾನುವಾರ ಶ್ರಮದಾನ, ಸೋಮವಾರ ಫೋಟೊ, ಸುದ್ದಿ, ಶಹಬ್ಬಾಸ್. ವಿಷಯ ಅಲ್ಲಿಗೆ ಮುಗಿಯುತ್ತದೆ.

ಆದರೆ ಶಹಬ್ಬಾಸ್‌ನ ಆಚೆಗೆ ಒಂದು ಪ್ರಶ್ನೆ ಉಳಿದಿದೆ. ನಿಂತಿರುವ ಮನೆಯನ್ನು ಬೀಳದಂತೆ ಉಳಿಸುವುದು ಸರಕಾರದ ಯಾವ ಪ್ರಮುಖ ಯೋಜನೆಯ ಲೆಕ್ಕದಲ್ಲೂ ಸರಿಯಾಗಿ ಬರುವುದಿಲ್ಲ. ಹಾಗಾಗಿ ಆ ಭಾರ ಪೂರ್ತಿ ಈ ನಾಲ್ಕಾರು ಮಂದಿಯ ಹೆಗಲಿಗೆ ಬಿದ್ದಿದೆ. ಅವರು ಸುಸ್ತಾದರೆ ಆ ಕೆಲಸ ಮಾಡಲು ಬೇರೆ ಯಾರೂ ಇಲ್ಲ. ಪತ್ತನಾಜೆಗೆ ಮೊದಲು ಮಾತಾಡಬೇಕಾದದ್ದು ಇದನ್ನು.

ಸರಕಾರದ ಪುಸ್ತಕದಲ್ಲಿ ‘ಪಕ್ಕಾ’

ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗ 2016ರಲ್ಲಿ ಇಂದಿರಾ ಆವಾಸ್ ಯೋಜನೆಯ ಜಾಗಕ್ಕೆ ಬಂತು. ಬಯಲು ಪ್ರದೇಶದಲ್ಲಿ ಮನೆಯೊಂದಕ್ಕೆ 1.20 ಲಕ್ಷ, ಗುಡ್ಡಗಾಡಿನಲ್ಲಿ 1.30 ಲಕ್ಷ ರೂಪಾಯಿ. 2024ರಿಂದ 2029ರೊಳಗೆ ದೇಶದಲ್ಲಿ ಇನ್ನೂ 2 ಕೋಟಿ ಮನೆ ಕಟ್ಟುವ ಗುರಿ ಇದೆ. ರಾಜ್ಯದಲ್ಲಿ ಬಸವ ವಸತಿ, ಅಂಬೇಡ್ಕರ್ ನಿವಾಸ್ ಯೋಜನೆಗಳು ರಾಜೀವ್ ಗಾಂಧಿ ವಸತಿ ನಿಗಮದ ಮೂಲಕ ನಡೆಯುತ್ತವೆ. ಇವೆಲ್ಲದರ ಗುರಿ ಹೊಸ ಮನೆ. ಹಿಂದಿನ ಇಂದಿರಾ ಆವಾಸ್‌ನಲ್ಲಿ ಕಚ್ಚಾ ಮನೆಯನ್ನು ಮೇಲ್ದರ್ಜೆಗೆ ಏರಿಸಲು ಸಣ್ಣ ಮೊತ್ತದ ಒಂದು ಅವಕಾಶವಾದರೂ ಇತ್ತು. ಈಗ ಆಯ್ಕೆ ಆದವರಿಗೆ ಹೊಸ ಮನೆ, ಆಗದವರಿಗೆ ಏನೂ ಇಲ್ಲ.

ಆಯ್ಕೆಯ ದಾರಿಯಲ್ಲೂ ಕರಾವಳಿಗೆ ಒಂದು ತೊಡಕು ಉಂಟು. 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯಲ್ಲಿ ಮನೆಯನ್ನು ಅಳೆದದ್ದು ಗೋಡೆ ಮತ್ತು ಮಾಡಿನ ಸಾಮಗ್ರಿ ನೋಡಿ. ಸೋಗೆ, ಪ್ಲಾಸ್ಟಿಕ್, ಕೈಯಲ್ಲಿ ಮಾಡಿದ ಹಂಚು ಕಚ್ಚಾ. ಯಂತ್ರದಲ್ಲಿ ತಯಾರಾದ ಹಂಚು ಪಕ್ಕಾ. ಮಂಗಳೂರು ಹಂಚು ಯಂತ್ರದ್ದೇ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಈ ಹಂಚು ಜಿಲ್ಲೆಯ ಬಡವರ ಮನೆಯನ್ನೂ ಸೇರಿತು. ಕೆಂಪುಕಲ್ಲಿನ ಗೋಡೆ, ಮೇಲೆ ಮಂಗಳೂರು ಹಂಚು ಇದ್ದರೆ ಕಾಗದದ ಮೇಲೆ ಅದು ಗಟ್ಟಿ ಮನೆ. ಹಂಚು ಹೊತ್ತ ಪಕ್ಕಾಸನ್ನು ಒರಲೆ ತಿಂದು ಪುಡಿ ಮಾಡಿದ್ದು ಸರ್ವೆಯ ಕಾಲಂನಲ್ಲಿ ಕಾಣುವುದಿಲ್ಲ.

ಇಲ್ಲಿನ ಹೆಚ್ಚಿನ ಹಳೆ ಮನೆಗಳ ಕಾಯಿಲೆ ಇದೇ. ಹಂಚು ನೂರು ವರ್ಷ ಬಾಳುತ್ತದೆ. ಗೋಡೆಯೂ ಬಾಳುತ್ತದೆ. ಹೋಗುವುದು ನಡುವಿನ ಮರ. ಒಂದೆರಡು ಹಂಚು ಒಡೆದಲ್ಲಿ ನೀರು ಇಳಿಯುತ್ತದೆ, ರೀಪು ಕೊಳೆಯುತ್ತದೆ, ಪಕ್ಕಾಸು ಬಾಗುತ್ತದೆ, ಗೋಡೆಯ ನೆತ್ತಿಗೆ ನೀರು ಕುಡಿಯುತ್ತದೆ. ವರ್ಷಕ್ಕೆ 4,000 ಮಿಲಿಮೀಟರ್ ಹತ್ತಿರ ಮಳೆ ಸುರಿಯುವ ಜಿಲ್ಲೆಯಲ್ಲಿ ಇದಕ್ಕೆ ಎರಡು ಮೂರು ಆಟಿ ಕಳೆದರೆ ಸಾಕು. ಮೊದಲ ವರ್ಷ ಹತ್ತು ಹಂಚು ಬದಲಿಸಿದರೆ ಮುಗಿಯುತ್ತಿದ್ದ ಕೆಲಸ ನಾಲ್ಕನೇ ವರ್ಷಕ್ಕೆ ಇಡೀ ಮಾಡು ಬಿಚ್ಚುವಲ್ಲಿಗೆ ಬರುತ್ತದೆ.

ಮೊದಲಾದರೆ ಮನೆಯಲ್ಲೇ ಏಣಿ ಹತ್ತುವವರು ಇದ್ದರು. ಮಳೆಗಾಲದ ಮೊದಲು ಹಂಚು ತೆಗೆದು, ಕಸ ಗುಡಿಸಿ, ಒಡೆದದ್ದು ಬದಲಿಸುವುದು ಮನೆಗೆಲಸವೇ ಆಗಿತ್ತು. ಈಗ ಮಕ್ಕಳು ಬೆಂಗಳೂರು, ಮುಂಬೈ, ಗಲ್ಫ್‌ನಲ್ಲಿ. ಮಕ್ಕಳೇ ಇಲ್ಲದವರೂ ಇದ್ದಾರೆ. ದುಡ್ಡು ಇದ್ದರೂ ಹತ್ತುವವರಿಲ್ಲ, ದುಡ್ಡೂ ಇಲ್ಲದವರ ಪಾಡು ಕೇಳುವುದೇ ಬೇಡ.

6,500 ರೂಪಾಯಿಗೆ ಎಂತ ಬರ್ತದೆ?

‘ಮಳೆಗೆ ಬಿದ್ದರೆ ಪರಿಹಾರ ಉಂಟಲ್ಲ’ ಎನ್ನುವವರು ಇದ್ದಾರೆ. ಹೌದು, ಉಂಟು. ಎಷ್ಟು ಎಂಬುದನ್ನು ನೋಡಬೇಕು. ಕೇಂದ್ರ ಸರಕಾರ 2022ರಿಂದ 2026ರ ಅವಧಿಗೆ ನಿಗದಿ ಮಾಡಿದ ವಿಪತ್ತು ಪರಿಹಾರದ ಮಾನದಂಡದಲ್ಲಿ ಪೂರ್ತಿ ಹೋದ ಮನೆಗೆ ಬಯಲಿನಲ್ಲಿ 1.20 ಲಕ್ಷ, ಗುಡ್ಡಗಾಡಿನಲ್ಲಿ 1.30 ಲಕ್ಷ. ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ. ಕಚ್ಚಾ ಮನೆಗೆ 4,000. ಅದೂ ಕನಿಷ್ಠ ಶೇ. 15ರಷ್ಟು ಹಾನಿ ಆಗಿರಬೇಕು. ಜೊತೆಗೆ ಮನೆ ಅಧಿಕೃತ ಕಟ್ಟಡ ಆಗಿರಬೇಕು ಎಂಬ ಷರತ್ತೂ ಇದೆ.

ಈಗಿನ ಸಂಬಳದಲ್ಲಿ ಒಬ್ಬರು ಆಚಾರ್ರು, ಇಬ್ಬರು ಸಹಾಯಕರು ಎರಡು ದಿನ ನಿಂತರೆ ಆ 6,500 ಮುಗಿಯುತ್ತದೆ. ಮರ, ಹಂಚು, ಪಿಕಪ್ ಬಾಡಿಗೆ ಬೇರೆ.

ರಾಜ್ಯ ಸರಕಾರ ಆಗಾಗ ತನ್ನ ಕೈಯಿಂದ ಸೇರಿಸಿದ್ದು ನಿಜ. 2019ರ ನೆರೆಯ ಬಳಿಕ ಪೂರ್ತಿ ಹೋದ ಮನೆಗೆ 5 ಲಕ್ಷ, ಸ್ವಲ್ಪ ಹಾನಿಯಾದ ಮನೆಗೆ 50,000 ರೂಪಾಯಿ ಘೋಷಣೆ ಆಗಿತ್ತು. ಆದರೆ ಅದು ಆಯಾ ವರ್ಷದ ಸರಕಾರಿ ಆದೇಶದ ಮಾತು. ಪ್ರತಿ ಮಳೆಗಾಲಕ್ಕೂ ಅದನ್ನೇ ನಂಬಿ ಕೂರಲು ಆಗುವುದಿಲ್ಲ.

ದೊಡ್ಡ ತೊಂದರೆ ಮೊತ್ತದ್ದಲ್ಲ, ಹೊತ್ತಿನದು. ಪರಿಹಾರ ಸಿಗುವುದು ಬಿದ್ದ ಮೇಲೆ. ಒರಲೆ ತಿಂದದ್ದು ವಿಪತ್ತಿನ ಪಟ್ಟಿಯಲ್ಲಿ ಇಲ್ಲ. ಇವತ್ತು ಹತ್ತಿಪ್ಪತ್ತು ಸಾವಿರದಲ್ಲಿ ಉಳಿಯುವ ಮನೆಗೆ ಯಾರೂ ಕೊಡುವುದಿಲ್ಲ. ಅದೇ ಮನೆ ಜುಲೈಯಲ್ಲಿ ಕುಸಿದರೆ ಲಕ್ಷದ ಮೇಲೆ ಖರ್ಚು, ಒಳಗಿದ್ದವರಿಗೆ ಕಾಳಜಿ ಕೇಂದ್ರ ಅಥವಾ ನೆಂಟರ ಮನೆ. ಸರಕಾರಕ್ಕೂ ಇದು ಲಾಭದ ಲೆಕ್ಕ ಅಲ್ಲ.

ಹಾಗಂತ ಬಾಗಿಲೆಲ್ಲ ಮುಚ್ಚಿದೆ ಎನ್ನುವುದೂ ತಪ್ಪು. ಪುರಸಭೆ, ಪಟ್ಟಣ ಪಂಚಾಯತ್‌ಗಳಲ್ಲಿ ಪರಿಶಿಷ್ಟರಿಗೆ ಮೀಸಲಾದ ಶೇ. 24.10ರ ನಿಧಿ ಇದೆ. ಗ್ರಾಮ ಪಂಚಾಯತ್‌ಗಳೂ ಸ್ವಂತ ನಿಧಿಯಲ್ಲಿ ಪರಿಶಿಷ್ಟರಿಗೆ, ಅಂಗವಿಕಲರಿಗೆ ಒಂದು ಪಾಲು ಇಡಬೇಕು. ಕೆಲವು ಕಡೆ ಮನೆ ದುರಸ್ತಿಗೆ ಈ ಹಣ ಕೊಡುವ ರೂಢಿ ಉಂಟು. ಆದರೆ ಅದಕ್ಕೆ ಅರ್ಜಿ ಕೊಡಬೇಕು, ಕ್ರಿಯಾಯೋಜನೆಯಲ್ಲಿ ಸೇರಬೇಕು, ಬೆನ್ನು ಬಿಡದೆ ಕೇಳುವವರು ಬೇಕು. ಎಪ್ಪತ್ತೈದು ವರ್ಷದ ಒಂಟಿ ಹೆಂಗಸು ಅದನ್ನು ಮಾಡುವುದಿಲ್ಲ. ಕೇಳಿ ಕೊಡಿಸಬೇಕಾಗಿದ್ದ ಜಿಲ್ಲಾ ಮತ್ತು ತಾಲೂಕು ಪಂಚಾಯತ್‌ಗಳಲ್ಲಿ 2021ರಲ್ಲಿ ಅವಧಿ ಮುಗಿದ ಮೇಲೆ ಚುನಾವಣೆ ವರ್ಷಗಟ್ಟಲೆ ನಡೆಯಲಿಲ್ಲ. ಜನ ಸೀದಾ ಸಂಘದ ಕಾರ್ಯದರ್ಶಿಯ ಮನೆ ಬಾಗಿಲಿಗೆ ಬರುವುದಕ್ಕೆ ಇದೂ ಒಂದು ಕಾರಣ.

ಒಂದು ಭಾನುವಾರಕ್ಕೆ ತಿಂಗಳ ತಯಾರಿ

ಭಾನುವಾರದ ಫೋಟೊದಲ್ಲಿ ಕಾಣುವುದು ಮೂವತ್ತು ಜನ ಹಂಚು ದಾಟಿಸುವುದು. ಈ ಮೂವತ್ತು ಜನ ಸಿಗುವುದು ಇಲ್ಲಿ ಅಂಥ ಕಷ್ಟ ಅಲ್ಲ. ಬ್ರಹ್ಮಕಲಶಕ್ಕೆ ಹೊರೆಕಾಣಿಕೆ ತರುವುದು, ಉರೂಸ್, ಚರ್ಚ್ ಹಬ್ಬ, ಯಕ್ಷಗಾನಕ್ಕೆ ಚಪ್ಪರ ಹಾಕುವುದು ಮಾಡಿ ಮಾಡಿ ಒಟ್ಟಾಗಿ ದುಡಿಯುವ ರೂಢಿ ಊರಿಗೇ ಇದೆ. ನೆರೆ ಬಂದಾಗ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ‘ಶೌರ್ಯ’ ಘಟಕದವರು, ಎಸ್ಕೆಎಸ್ಸೆಸ್ಸೆಫ್‌ನ ‘ವಿಖಾಯ’ ತಂಡದವರು ಅಂಗಿ ತೋಳು ಮಡಚಿ ಇಳಿಯುವುದನ್ನು ಜಿಲ್ಲೆ ನೋಡಿದೆ. 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಶುರುವಾದ ಗ್ರಾಮಾಭಿವೃದ್ಧಿ ಯೋಜನೆ ‘ವಾತ್ಸಲ್ಯ’ ಹೆಸರಿನಲ್ಲಿ ನಿರ್ಗತಿಕರಿಗೆ ಮನೆಯನ್ನೂ ಕಟ್ಟಿಸಿಕೊಡುತ್ತದೆ. 2022ರ ಆಗಸ್ಟ್ ಮೊದಲ ವಾರ ಸುಳ್ಯ ತಾಲೂಕಿನ ಕಲ್ಲುಗುಂಡಿ, ಹರಿಹರ ಪಳ್ಳತ್ತಡ್ಕ, ಕೊಲ್ಲಮೊಗ್ರು ಕಡೆ ನೀರು ನುಗ್ಗಿದಾಗ ಕೆಸರು ತೆಗೆದವರಲ್ಲಿ ಹೆಚ್ಚಿನವರು ಅಕ್ಕಪಕ್ಕದ ಊರಿನ ಹುಡುಗರೇ.

ಕಷ್ಟ ಇರುವುದು ಆ ಮೂವತ್ತು ಜನ ಬರುವ ಮೊದಲು. ಮನೆ ನೋಡಿ ಬರಬೇಕು. ಯಾವ ಮರ ಇಟ್ಟುಕೊಳ್ಳಬಹುದು, ಯಾವುದು ತೆಗೆಯಬೇಕು ಎಂದು ಆಚಾರ್ರ ಹತ್ತಿರ ತೋರಿಸಬೇಕು. ಎಸ್ಟಿಮೇಟ್ ಆಗಬೇಕು. ಹಂಚಿಗೆ ಹುಡುಕಬೇಕು. ಹೊಸ ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದ ಮೇಲೆ, ಹಳೆ ಮನೆ ಕೆಡವುವವರನ್ನು ಕೇಳಿ ತರುವುದೇ ದಾರಿ. ಒಂದು ಕಂಪೆನಿಯ ಹಂಚು ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಹಂಚಿನ ಹಿಂದಿನ ಹೆಸರು ನೋಡಿ ಆರಿಸಬೇಕು. ಬಿಚ್ಚಿದ ದಿನವೇ ಮುಚ್ಚಬೇಕು. ಆಗದಿದ್ದರೆ ರಾತ್ರಿ ಆ ಮನೆಯವರನ್ನು ಎಲ್ಲಿ ಮಲಗಿಸುವುದು ಎಂದು ಮೊದಲೇ ಯೋಚಿಸಬೇಕು. ಕರೆಂಟು ತೆಗೆಸಿ ಹಳೆ ವಯರಿಂಗ್ ನೋಡಿಸಬೇಕು. ಗಂಜಿ ಊಟ ಯಾರ ಮನೆಯಿಂದ, ಪಿಕಪ್ ಯಾರದ್ದು, ಡೀಸೆಲ್‌ಗೆ ಯಾರು?

ಇದೆಲ್ಲ ಒಬ್ಬರು ಇಬ್ಬರ ತಲೆಯಲ್ಲೇ ಇರುತ್ತದೆ. ಹೆಚ್ಚಾಗಿ ಅವರು ಅಂಗಡಿ ಇಟ್ಟವರು, ಆಟೋದವರು, ಶಾಲಾ ಮಾಸ್ಟ್ರು, ರಿಟೈರ್ ಆದ ಲೈನ್‌ಮನ್. ಕೆಲಸ ಬಿಟ್ಟು ಓಡಾಡಿದ ದಿನ ಅವರ ಮನೆಯ ಸಂಪಾದನೆ ಹೋಗುತ್ತದೆ. ಇದನ್ನು ಯಾವ ಸನ್ಮಾನ ಪತ್ರವೂ ಬರೆಯುವುದಿಲ್ಲ.

ಯಾವ ಮನೆ ಮೊದಲು?

ಸಂಘಗಳು ಒಡೆಯುವುದು ದುಡ್ಡಿನ ವಿಷಯಕ್ಕಿಂತ ಹೆಚ್ಚಾಗಿ ಈ ಪ್ರಶ್ನೆಯಲ್ಲಿ. ಹತ್ತು ಮನೆಯವರು ಕೇಳಿದ್ದಾರೆ, ಬೇಸಗೆಯಲ್ಲಿ ಆಗುವುದು ಮೂರು. ಮೂರು ಯಾವುದು? ‘ಅವರ ಜಾತಿಯವರಿಗೆ ಮಾಡಿದ್ರು’, ‘ಆ ಪಕ್ಷದವರಿಗೆ ಮಾಡಿದ್ರು’, ‘ಮಗ ಗಲ್ಫಿನಲ್ಲಿ ಇದ್ದಾನೆ, ಅವರಿಗೆ ಯಾಕೆ?’ ಈ ಮಾತು ಒಮ್ಮೆ ಹೊರಟರೆ ಮುಂದಿನ ವರ್ಷ ವಂತಿಗೆ ಹುಟ್ಟುವುದಿಲ್ಲ.

ಇದಕ್ಕೆ ಉತ್ತರ ಸಂಘದ ನಾಯಕರ ಒಳ್ಳೆಯತನ ಅಲ್ಲ, ಬರೆದಿಟ್ಟ ಕ್ರಮ. ಮನೆಯಲ್ಲಿ ದುಡಿಯುವವರು ಎಷ್ಟು, ಹಾಸಿಗೆ ಹಿಡಿದವರು ಇದ್ದಾರಾ, ಸಣ್ಣ ಮಕ್ಕಳು ಉಂಟಾ, ಮಾಡು ಈ ಮಳೆಗಾಲ ತಾಳುತ್ತದಾ, ಬೇರೆ ಯೋಜನೆಯಲ್ಲಿ ಹೊಸ ಮನೆ ಮಂಜೂರಾಗಿದೆಯಾ? ಇಂಥ ಐದಾರು ಪ್ರಶ್ನೆಗೆ ಅಂಕ ಹಾಕಿ, ಸಭೆಯಲ್ಲಿ ಓದಿ, ಪುಸ್ತಕದಲ್ಲಿ ಬರೆದರೆ ಅರ್ಧ ಜಗಳ ಕಡಿಮೆ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಪೋಸ್ಟ್‌ಮನ್ ಈ ಮೂವರಿಗೆ ಪ್ರತಿ ಮನೆಯ ಒಳಗಿನ ಸ್ಥಿತಿ ಗೊತ್ತು. ಅವರನ್ನು ಕೇಳಿದರೆ, ಕೇಳಲು ನಾಚಿಕೆಪಟ್ಟು ಸುಮ್ಮನೆ ಕೂತ ಮನೆಯೂ ಪಟ್ಟಿಗೆ ಬರುತ್ತದೆ. ಎಷ್ಟೋ ಸಲ ತೀರಾ ಕಷ್ಟದಲ್ಲಿರುವವರು ಕೈ ಚಾಚುವುದೇ ಇಲ್ಲ.

ಫೋಟೊ ವಿಷಯವನ್ನೂ ಇಲ್ಲೇ ಹೇಳಬೇಕು. ಮನೆಯವರ ಮುಖ, ಒಳಕೋಣೆ, ಹರಿದ ಹಾಸಿಗೆ ಎಲ್ಲ ಗ್ರೂಪಿಗೆ ಹಾಕಿದರೆ ವಂತಿಗೆ ಬೇಗ ಬರಬಹುದು. ಆದರೆ ಆ ಮನೆಯ ಮಗಳು ನಾಳೆ ಅದೇ ಊರಿನ ಕಾಲೇಜಿಗೆ ಹೋಗಬೇಕು. ಮಾಡಿನ ಫೋಟೊ ಸಾಕು, ಮನೆಯವರದ್ದು ಬೇಡ ಎಂಬ ನಿಯಮ ಇಟ್ಟುಕೊಂಡರೆ ಸಂಘಕ್ಕೆ ನಷ್ಟ ಏನೂ ಇಲ್ಲ.

ರಿಪೇರಿ ಮಾಡಬಾರದ ಮನೆ

ಇನ್ನೊಂದು ನಿರ್ಧಾರ ಇನ್ನೂ ಕಷ್ಟದ್ದು. ಕೆಲವು ಮನೆಗಳಿಗೆ ಮಾಡು ಸರಿ ಮಾಡಿಕೊಡುವುದೇ ಅಪಾಯ.

2024ರ ಜೂನ್ ಕೊನೆಯಲ್ಲಿ ಉಳ್ಳಾಲ ತಾಲೂಕಿನ ಕುತ್ತಾರು ಮದನಿ ನಗರದಲ್ಲಿ ಪಕ್ಕದ ಆವರಣ ಗೋಡೆ ಮನೆಯ ಮೇಲೆ ಬಿದ್ದು ಒಂದೇ ಮನೆಯ ನಾಲ್ವರು ತೀರಿಕೊಂಡರು. 2025ರ ಮೇ 30ರಂದು ಅದೇ ತಾಲೂಕಿನ ಮಂಜನಾಡಿಯಲ್ಲಿ ಮನೆಯ ಮೇಲೆ ಗುಡ್ಡ ಕುಸಿದು ಅಜ್ಜಿ, ಇಬ್ಬರು ಮೊಮ್ಮಕ್ಕಳು ಹೋದರು. ಇಂಥ ಕಡೆ ಪ್ರಶ್ನೆ ಮಾಡಿನದ್ದಲ್ಲ, ಹಿಂದಿನ ಬರೆಯದ್ದು. ಮನೆಯ ಹಿಂದೆ ಜೆಸಿಬಿಯಲ್ಲಿ ನೆಟ್ಟಗೆ ಕಡಿದ ಮಣ್ಣಿನ ಗೋಡೆ ಇದ್ದು, ಮೇಲಿನಿಂದ ನೀರು ಇಳಿಯುತ್ತಿದ್ದರೆ, ಕೆಳಗೆ ಹೊಸ ಶೀಟ್ ಹಾಕಿಕೊಟ್ಟರೆ ಏನಾಗುತ್ತದೆ? ‘ಈಗ ಮನೆ ಗಟ್ಟಿಯಾಯ್ತಲ್ಲ’ ಎಂದು ಅವರು ಮಳೆಯಲ್ಲೂ ಅಲ್ಲೇ ಮಲಗುತ್ತಾರೆ.

ಹಾಗಾಗಿ ಮನೆ ನೋಡಲು ಹೋದವರು ಮೊದಲು ಸುತ್ತ ನೋಡಬೇಕು, ಆಮೇಲೆ ಮೇಲೆ. ಬರೆಯಲ್ಲಿ ಬಿರುಕು, ವಾಲಿದ ಮರ, ಗೋಡೆಯಲ್ಲಿ ಕೋನ ಕೋನಕ್ಕೆ ಎದ್ದ ಸೀಳು, ಅಂಗಳದಲ್ಲಿ ಹೊಸ ಒರತೆ ಕಂಡರೆ ಸಂಘದ ಕೆಲಸ ಹಂಚು ಹೊರುವುದಲ್ಲ. ಪಿಡಿಒ ಮತ್ತು ಗ್ರಾಮ ಆಡಳಿತಾಧಿಕಾರಿಗೆ ಬರಹದಲ್ಲಿ ತಿಳಿಸಿ, ತಹಶೀಲ್ದಾರರಿಗೆ ಪ್ರತಿ ಕಳಿಸಿ, ಮಳೆಗಾಲಕ್ಕೆ ಬೇರೆ ಕಡೆ ವಸತಿ ಕೇಳುವುದು. ‘ಆಗುದಿಲ್ಲ’ ಎಂದು ಹೇಳುವ ಧೈರ್ಯವೂ ನಾಯಕತ್ವದ ಭಾಗ. ಬೈಸಿಕೊಳ್ಳಬೇಕಾದೀತು, ಆದರೆ ಜೀವ ಉಳಿಯುತ್ತದೆ.

‘ಪೇಪರ್ ಉಂಟಾ?’

ಜಿಲ್ಲೆಯ ಬಡವರ ಮನೆಗಳಲ್ಲಿ ಕುಮ್ಕಿಯಲ್ಲಿ, ಸರಕಾರಿ ಜಾಗದಲ್ಲಿ, ಕಾಡಿನ ಅಂಚಿನಲ್ಲಿ ನಿಂತವು ಸಾಕಷ್ಟಿವೆ. ಭೂ ಕಂದಾಯ ಕಾಯ್ದೆಯ 94ಸಿ ಅಡಿ ಅರ್ಜಿ ಹಾಕಿ ವರ್ಷ ಕಳೆದರೂ ಹಕ್ಕುಪತ್ರ ಆಗದವರು ಇದ್ದಾರೆ. ಅಪ್ಪನ ಹೆಸರಿನಲ್ಲೇ ಉಳಿದ ಆರ್‌ಟಿಸಿ, ಪಾಲಾಗದ ಜಾಗ, ಇ-ಸ್ವತ್ತಿನ 9-11 ಇಲ್ಲದ ಅಡಿಸ್ಥಳ. ಕಾಗದ ಇಲ್ಲದಿದ್ದರೆ ಹೊಸ ಮನೆ ಮಂಜೂರಾಗುವುದಿಲ್ಲ.

ಸಂಘದವರಿಗೆ ಇಲ್ಲಿ ಅನುಕೂಲವೂ ಇದೆ, ಅಪಾಯವೂ ಇದೆ. ಇದ್ದ ಮಾಡನ್ನು ಸರಿ ಮಾಡಲು ಹಕ್ಕುಪತ್ರ ಕಾಯಬೇಕಾಗಿಲ್ಲ. ಆದರೆ ಅಣ್ಣತಮ್ಮಂದಿರ ನಡುವೆ ಕೇಸು ಇರುವ ಮನೆಗೆ ಏಣಿ ಇಟ್ಟರೆ ಸಂಘವೇ ಜಗಳದ ನಡುವೆ ಸಿಗುತ್ತದೆ. ಕಾಡಂಚಿನ ಜಾಗದಲ್ಲಿ ಗೋಡೆ ಮುಂದಕ್ಕೆ ಹಾಕಿದರೆ ಇಲಾಖೆ ಬರುತ್ತದೆ. ಇದ್ದದ್ದನ್ನು ಇದ್ದ ಅಳತೆಯಲ್ಲೇ ಸರಿ ಮಾಡುವುದು, ಒಂದು ಅಡಿಯೂ ವಿಸ್ತರಿಸದಿರುವುದು, ಮನೆಯವರ ಮತ್ತು ಪಾಲುದಾರರ ಒಪ್ಪಿಗೆ ಬರೆಸಿಕೊಳ್ಳುವುದು ಒಳ್ಳೆಯದು. ಜೊತೆಗೆ ಅದೇ ಹೊತ್ತಿಗೆ 94ಸಿ ಅರ್ಜಿ ಎಲ್ಲಿ ನಿಂತಿದೆ ಎಂದು ನಾಡಕಚೇರಿಯಲ್ಲಿ ವಿಚಾರಿಸಿದರೆ, ಇನ್ನು ಮೂರು ವರ್ಷಕ್ಕೆ ಆ ಮನೆಗೆ ಸಂಘ ಬೇಕಾಗದೆಯೂ ಇರಬಹುದು. ಟರ್ಪಾಲಿಗಿಂತ ಹಕ್ಕುಪತ್ರ ಹೆಚ್ಚು ಬಾಳುತ್ತದೆ.

ಹಾರ್ಡ್‌ವೇರ್ ಅಂಗಡಿಯ ಕಡದ ಪುಸ್ತಕ

ಪೇಟೆಯ ಅಂಗಡಿಯವರಿಗೆ ಈ ಕತೆ ಗೊತ್ತು. ‘ಸಿಮೆಂಟು ನಾಲ್ಕು ಗೋಣಿ, ಶೀಟ್ ಹತ್ತು, ಕೊಡಿ, ಆಮೇಲೆ ಲೆಕ್ಕ ಮಾಡುವ’ ಎಂದು ಸಂಘದವರು ಕೊಂಡುಹೋಗುತ್ತಾರೆ. ಅಂಗಡಿಯವರಿಗೆ ಇಲ್ಲ ಎನ್ನಲು ಆಗುವುದಿಲ್ಲ. ವಂತಿಗೆ ಪೂರ್ತಿ ಬಾರದಿದ್ದರೆ ಬಾಕಿ ಪುಸ್ತಕದಲ್ಲೇ ಉಳಿಯುತ್ತದೆ. ಇಲ್ಲವಾದರೆ ಸಂಘದ ಕಾರ್ಯದರ್ಶಿ ಕೈಯಿಂದ ಹಾಕುತ್ತಾರೆ. ಎರಡೂ ಸರಿಯಲ್ಲ.

ಬೆಲೆಯೂ ಒಂದೇ ತರ ನಿಲ್ಲುವುದಿಲ್ಲ. 2025ರ ಮಳೆಗಾಲದಲ್ಲಿ ಜಿಲ್ಲೆಯಲ್ಲಿ ಕೆಂಪುಕಲ್ಲು, ಮರಳು ಸಿಗದೆ ಕೆಲಸ ನಿಂತದ್ದು, ಕೂಲಿಯವರು ಬೀದಿಗಿಳಿದದ್ದು ಎಲ್ಲರಿಗೂ ನೆನಪಿದೆ. ದೊಡ್ಡ ಬಿಲ್ಡರ್ ಕಾಯಬಲ್ಲ, ಅರ್ಧ ಬಿಚ್ಚಿದ ಗೋಡೆ ಕಾಯುವುದಿಲ್ಲ. ಅದೇ ವರ್ಷ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದದ್ದು ಮಾತ್ರ ಒಂದು ಸಮಾಧಾನ.

ಇಲ್ಲಿ ಅಂಗಡಿಯವರು ತಿಳಿದಿರಬೇಕಾದ ಒಂದೆರಡು ವಿಷಯ ಉಂಟು. ಸಾಮಾನನ್ನೇ ಪುಕ್ಕಟೆ ಕೊಟ್ಟರೆ ಅದಕ್ಕೆ 80ಜಿ ರಿಯಾಯಿತಿ ಇಲ್ಲ. ಆ ರಿಯಾಯಿತಿ ಹಣದ ದೇಣಿಗೆಗೆ ಮಾತ್ರ. ಅದೂ ಸಂಘಕ್ಕೆ 80ಜಿ ನೋಂದಣಿ ಇದ್ದರೆ, ಕೊಡುವವರು ಹಳೆ ತೆರಿಗೆ ಪದ್ಧತಿಯಲ್ಲಿ ಇದ್ದರೆ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೂ ಸಿಗುವುದಿಲ್ಲ. ಜಿಎಸ್‌ಟಿ ನಿಯಮದಲ್ಲಿ ಪುಕ್ಕಟೆ ಕೊಟ್ಟ ಮಾಲಿನ ಇನ್‌ಪುಟ್ ಕ್ರೆಡಿಟ್ ಇಟ್ಟುಕೊಳ್ಳುವಂತಿಲ್ಲ. ಹಾಗಾಗಿ ಅಸಲು ಬೆಲೆಗೆ ಸಂಘದ ಹೆಸರಿನಲ್ಲಿ ಬಿಲ್ ಮಾಡುವುದು, ಕೊಡಬೇಕೆಂದಿದ್ದ ದೇಣಿಗೆಯನ್ನು ಬ್ಯಾಂಕ್ ಮೂಲಕ ಕೊಡುವುದು ಇಬ್ಬರಿಗೂ ಚೊಕ್ಕ.

ಸಂಘದ ಕಡೆಯೂ ಒಂದು ದೊಡ್ಡ ಸಡಿಲ ಇದೆ. ವಂತಿಗೆ ಬರುವುದು ಯಾರದೋ ಸ್ವಂತ ಫೋನ್‌ಪೇ ನಂಬರಿಗೆ. ಊರು ನಂಬಿದ ಮನುಷ್ಯ, ಯಾರೂ ಕೇಳುವುದಿಲ್ಲ. ಆದರೆ ಮೂರು ಮನೆಯ ಲೆಕ್ಕ ಒಂದೇ ಖಾತೆಯಲ್ಲಿ ಮನೆಖರ್ಚಿನ ಜೊತೆ ಬೆರೆತರೆ, ಒಂದು ದಿನ ಕೇಳುವವರು ಕೇಳುತ್ತಾರೆ. ಆಗ ಉತ್ತರ ಕೊಡಲು ಆಗದೆ ಪ್ರಾಮಾಣಿಕರೇ ತಲೆ ತಗ್ಗಿಸಬೇಕಾಗುತ್ತದೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ನೋಂದಣಿ, ಇಬ್ಬರ ಸಹಿಯ ಬ್ಯಾಂಕ್ ಖಾತೆ, ವರ್ಷಕ್ಕೊಮ್ಮೆ ಆಡಿಟ್. ಇದು ಕಿರಿಕಿರಿ ಹೌದು. ಆದರೆ ಇದು ಮುಂದೆ ನಿಂತವರ ಮಾನ ಕಾಯುವ ಬೇಲಿ.

ಮಾಡಿನಿಂದ ಬಿದ್ದರೆ?

ಇದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಹಳೆ ಸಿಮೆಂಟ್ ಶೀಟ್ ಮೇಲೆ ಕಾಲಿಟ್ಟರೆ ಮುರಿದು ಕೆಳಗೆ ಬೀಳುವುದು ಹೊಸ ವಿಷಯ ಅಲ್ಲ. ಕೊಳೆತ ಪಕ್ಕಾಸೂ ಹಾಗೆಯೇ. ಶ್ರಮದಾನಕ್ಕೆ ಬಂದ ಹುಡುಗ ಬಿದ್ದು ಬೆನ್ನು ಮುರಿದುಕೊಂಡರೆ ಆಸ್ಪತ್ರೆ ಖರ್ಚು ಯಾರದ್ದು? ಅವನ ಮನೆ ನಡೆಸುವವರು ಯಾರು? ಒಂದು ಮನೆ ಎತ್ತಲು ಹೋಗಿ ಇನ್ನೊಂದು ಮನೆ ಬೀಳಬಾರದು.

ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದೊಳಗಿನ ಬ್ಯಾಂಕ್ ಖಾತೆ ಇದ್ದವರು ಸೇರಬಹುದು. ಅಪಘಾತದಲ್ಲಿ ಜೀವ ಹೋದರೆ ಅಥವಾ ಪೂರ್ತಿ ಅಂಗವೈಕಲ್ಯ ಆದರೆ 2 ಲಕ್ಷ. ಅದರ ವರ್ಷ ಜೂನ್ 1ರಿಂದ ಮೇ 31. ಮಾಡು ಹತ್ತುವ ಪ್ರತಿಯೊಬ್ಬರಿಗೂ ಇದು ಇದೆಯಾ ಎಂದು ನೋಡಲು ಸಂಘಕ್ಕೆ ಒಂದು ಸಂಜೆ ಸಾಕು. ಆಸ್ಪತ್ರೆ ಖರ್ಚು ಇದರಲ್ಲಿ ಬರುವುದಿಲ್ಲ, ಅದಕ್ಕೆ ಬೇರೆ ಗುಂಪು ವಿಮೆ ಬೇಕು. ಅದಕ್ಕಿಂತ ಮೊದಲು ಬೇಕಾದದ್ದು ಹಗ್ಗ, ಬೆಲ್ಟ್, ಹೆಲ್ಮೆಟ್, ಗಟ್ಟಿ ಏಣಿ, ಮತ್ತು ಒಂದು ನಿಯಮ: ಮೇಲೆ ಹತ್ತುವುದು ಕೆಲಸ ಗೊತ್ತಿದ್ದವರು ಮಾತ್ರ, ಉಳಿದವರು ಕೆಳಗೆ. ಸೆಲ್ಫಿಗೆ ಮಾಡು ಹತ್ತುವವರನ್ನು ಇಳಿಸುವುದೂ ನಾಯಕರ ಕೆಲಸವೇ.

ಬೇರೆಯವರು ಹೇಗೆ ಮಾಡಿದರು

ಇದು ನಮ್ಮ ಜಿಲ್ಲೆಗೆ ಮಾತ್ರ ಬಂದ ಕಷ್ಟ ಅಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯದ ಮಿಡ್‌ಲ್ಯಾಂಡ್ ಎಂಬ ಊರಿನಲ್ಲಿ 1973ರಲ್ಲಿ ಅಕ್ಕಪಕ್ಕದವರು ಸೇರಿ ವಯಸ್ಸಾದವರ, ಬಡವರ ಮನೆ ರಿಪೇರಿ ಮಾಡಲು ವರ್ಷಕ್ಕೊಂದು ದಿನ ಇಟ್ಟುಕೊಂಡರು. 1988ರಲ್ಲಿ ಅದು ದೇಶಮಟ್ಟದ ಸಂಸ್ಥೆಯಾಯಿತು. ಈಗ ಅದರ ಹೆಸರು ‘ರಿಬಿಲ್ಡಿಂಗ್ ಟುಗೆದರ್’. ಅಲ್ಲಿ ಒಂದೊಂದು ಮನೆಗೆ ಒಬ್ಬರು ‘ಹೌಸ್ ಕ್ಯಾಪ್ಟನ್’. ಮನೆ ನೋಡುವುದು, ಪಟ್ಟಿ ಮಾಡುವುದು, ಸಾಮಾನು, ಜನ ಎಲ್ಲ ಅವರ ಜವಾಬ್ದಾರಿ. ಅಧ್ಯಕ್ಷರೊಬ್ಬರೇ ಹತ್ತು ಮನೆಗೆ ಓಡುವುದು ತಪ್ಪುತ್ತದೆ. ಒಬ್ಬರು ಬಿಟ್ಟರೂ ಕೆಲಸ ನಿಲ್ಲುವುದಿಲ್ಲ.

ಹತ್ತಿರದ ಕೇರಳದಲ್ಲಿ ‘ಲೈಫ್’ ಮಿಷನ್ ಮೊದಲ ಹಂತದಲ್ಲಿ ಕೈಗೆತ್ತಿಕೊಂಡದ್ದು ಹಿಂದಿನ ಯೋಜನೆಗಳಲ್ಲಿ ಅರ್ಧಕ್ಕೆ ನಿಂತ ಮನೆಗಳನ್ನು. ಹೊಸ ಮನೆ ಆಮೇಲೆ, ನಿಂತದ್ದನ್ನು ಮೊದಲು ಮುಗಿಸುವ ಎಂಬ ಕ್ರಮ. ಇದ್ದದ್ದನ್ನು ಉಳಿಸುವುದಕ್ಕೂ ಸರಕಾರದ ಪಟ್ಟಿಯಲ್ಲಿ ಜಾಗ ಮಾಡಬಹುದು ಎಂಬುದಕ್ಕೆ ಇದು ಸಾಕ್ಷಿ.

ಪತ್ತನಾಜೆಯೊಳಗೆ ಆಗಬಹುದಾದದ್ದು

ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಮಳೆ ಎಂಬುದು ತುಳುನಾಡಿನ ಲೆಕ್ಕ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು. 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ಅಂದರೆ ಮೇ ತಿಂಗಳನ್ನು ಕೆಲಸದ ತಿಂಗಳು ಎಂದು ನಂಬಿ ಕೂರುವಂತಿಲ್ಲ. ಮದುವೆ, ಜಾತ್ರೆ, ಬ್ರಹ್ಮಕಲಶಗಳ ನಡುವೆ ಸಿಗುವ ಭಾನುವಾರಗಳು ಬೆರಳೆಣಿಕೆಯಷ್ಟೇ.

ಪಂಚಾಯತ್ ಮಾಡಬಹುದಾದದ್ದು: ಮಳೆಗಾಲದ ಮುಂಜಾಗ್ರತಾ ಸಭೆಗೆ ಸಂಘದವರನ್ನು ಕರೆದು, ಬೀಳುವಂತಿರುವ ಮನೆಗಳ ಪಟ್ಟಿಯನ್ನು ಒಟ್ಟಿಗೆ ಮಾಡುವುದು. ಯಾವುದು ಸಂಘಕ್ಕೆ, ಯಾವುದು ಪಂಚಾಯತ್ ನಿಧಿಗೆ, ಯಾವುದು ಸ್ಥಳಾಂತರಕ್ಕೆ ಎಂದು ಮೂರು ಭಾಗ ಮಾಡುವುದು. ಮುಂದಿನ ಕ್ರಿಯಾಯೋಜನೆಯಲ್ಲಿ ದುರಸ್ತಿಗೆ ಒಂದು ಸಾಲು ಬರೆಯುವುದು. ಗ್ರಾಮಸಭೆಯಲ್ಲಿ ಕೇಳಿದರೆ ಅದು ನಡವಳಿಯಲ್ಲಿ ದಾಖಲಾಗುತ್ತದೆ. ಕೇಳದಿದ್ದರೆ ಇಲ್ಲ.

ವರ್ತಕರ ಸಂಘ ಮಾಡಬಹುದಾದದ್ದು: ಐದಾರು ಅಂಗಡಿಯವರು ಸೇರಿ ಒಂದೊಂದು ಮನೆಯ ಸಾಮಾನಿನ ಬಿಲ್ಲಿಗೆ ನಿಲ್ಲುವುದು, ಸಾಗಾಟ ಉಚಿತ ಮಾಡುವುದು, ಕೆಡವಿದ ಮನೆಯ ಹಂಚು, ಮರ ಇಡಲು ಒಂದು ಶೆಡ್ಡಿನ ಮೂಲೆ ಕೊಡುವುದು. ದುಡ್ಡಿಗಿಂತ ಆ ಮೂಲೆಗೆ ಬೆಲೆ ಹೆಚ್ಚು.

ಸಂಘದವರು ಮಾಡಬಹುದಾದದ್ದು: ಕಡಿಮೆ ಮನೆ ಹಿಡಿಯುವುದು, ಹಿಡಿದದ್ದನ್ನು ಪೂರ್ತಿ ಮುಗಿಸುವುದು. ಮನೆಗೊಬ್ಬರು ಜವಾಬ್ದಾರರನ್ನು ಇಡುವುದು, ಅದರಲ್ಲಿ ಹೆಂಗಸರೂ ಇರುವುದು. ಅಡಿಗೆಕೋಣೆ, ಬಚ್ಚಲು, ಪಾಯಿಖಾನೆಯ ದಾರಿ ಹೇಗಿದೆ ಎಂದು ಒಳಗೆ ಹೋಗಿ ನೋಡಿ ಹೇಳಬಲ್ಲವರು ಅವರೇ. ಮತ್ತು ಎರಡನೇ ಸಾಲಿನ ಒಬ್ಬ ಹುಡುಗನಿಗೆ ಲೆಕ್ಕದ ಪುಸ್ತಕ ಈಗಲೇ ಕೊಡುವುದು.

ಉಳಿದವರ ಪಾಲೂ ಉಂಟು. ಮುಂದಿನ ಸಲ ಸಂಘದ ಗ್ರೂಪಿನಲ್ಲಿ ಟರ್ಪಾಲು ಹೊದ್ದ ಮಾಡಿನ ಫೋಟೊ ಬಂದಾಗ ಕೈ ಮುಗಿದ ಇಮೋಜಿ ಹಾಕಿ ಮುಂದೆ ಹೋಗುವ ಬದಲು ಒಂದು ಸಾಲು ಬರೆದರೂ ಆದೀತು: ‘ನನ್ನ ಹತ್ರ ಪಿಕಪ್ ಉಂಟು’, ‘ನಮ್ಮ ಹಳೆ ಮನೆಯ ಹಂಚು ಇನ್ನೂರು ಉಂಟು’, ‘ಪಿಡಿಒ ಹತ್ರ ನಾನು ಹೋಗ್ತೇನೆ’. ಮುಂದೆ ನಿಂತವರಿಗೆ ಸನ್ಮಾನಕ್ಕಿಂತ ಹೆಚ್ಚು ಬೇಕಾದದ್ದು ಇಂಥ ಸಾಲುಗಳು. ಅವು ಪತ್ತನಾಜೆಗೆ ಮೊದಲೇ ಬರಬೇಕು.